ಗೌರಾಮಿ ಗುರುತು ಹಿಡಿದವನ ತಪ್ಪೊಪ್ಪಿಗೆ

ಅಕ್ವೇರಿಯಂ ಅಂಗಡಿಯಲ್ಲಿ ಹತ್ತು ವರ್ಷ ಕಳೆದವನು ಇಂಥ ಪ್ರಸಂಗಗಳಿಂದ ತಪ್ಪಿಸಿಕೊಳ್ಳಲಾರ. ಮೀನು ದಿನವಿಡೀ ಬಾಯಿ ತೆರೆದು ಮುಚ್ಚುತ್ತದೆ, ಆದರೆ ಏನೂ ಹೇಳುವುದಿಲ್ಲ. ಹೇಳುವ ಕೆಲಸವೆಲ್ಲ ಮಾರುವವನದು. ನಾನು ಬಹಳ ಹೇಳಿದೆ. ಅದರಲ್ಲಿ ಅರ್ಧಕ್ಕರ್ಧ ತಪ್ಪು.

ಅರವತ್ತರ ದಶಕದ ಕೊನೆಯಲ್ಲಿ ಧಾರವಾಡದಿಂದ ಮುಂಬಯಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ಬಿ.ಎ. ಆಗಿತ್ತು, ಬ್ಯಾಂಕಿನ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿತ್ತು. ದಾದರ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಆ ಅಂಗಡಿಯ ಮಾಲಕರು ಬೆಳಗಾವಿ ಕಡೆಯವರು, ಅರವತ್ತರ ಹತ್ತಿರದ ವಯಸ್ಸು, ಊರಿಗೆಲ್ಲ ಕಾಕಾ. ಮನೆಯಲ್ಲಿ ಮರಾಠಿ, ನನ್ನ ಕೂಡ ಕನ್ನಡ. ಕನ್ನಡ ಮಾತಾಡಲಿಕ್ಕೆ ಒಬ್ಬ ಸಿಕ್ಕನಲ್ಲ ಎಂದೇ ನನ್ನನ್ನು ಸೇಲ್ಸ್‌ಮನ್ ಮಾಡಿಕೊಂಡರೆಂದು ಆಮೇಲೆ ಗೊತ್ತಾಯಿತು. ನಾನು ಊರಿಗೆ "ಮೀನಿನ ಅಂಗಡಿಯಲ್ಲಿ ನೌಕರಿ ಸಿಕ್ಕಿತು" ಎಂದು ಪತ್ರ ಹಾಕಿದೆ. ನಮ್ಮದು ಉಳ್ಳಾಗಡ್ಡಿಯನ್ನೂ ವಾರ ನೋಡಿ ತಿನ್ನುವ ಮನೆ. ಅವ್ವ ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆದಾಗ ಒಂದೇ ಸಾಲು ಇತ್ತು: "ಇನ್ನ ಮ್ಯಾಲೆ ಕೈ ತೊಳಕೊಂಡು ಪತ್ರ ಬರಿ."

ಅಂಗಡಿಯಲ್ಲಿ ಗೋಲ್ಡ್‌ಫಿಶ್ ಇತ್ತು, ಏಂಜೆಲ್ ಇತ್ತು. ಅವನ್ನು ಯಾರಾದರೂ ಗುರುತು ಹಿಡಿಯುತ್ತಾರೆ. ನನ್ನನ್ನು ಕಾಡಿದವು ಗೌರಾಮಿಗಳು. ಎದೆಯ ಕೆಳಗಿಂದ ಎರಡು ದಾರದಂಥ ರೆಕ್ಕೆ ಚಾಚಿ ಎದುರಿಗೆ ಸಿಕ್ಕದ್ದನ್ನೆಲ್ಲ ಮುಟ್ಟಿ ನೋಡುವ, ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಕುಡಿದು ಹೋಗುವ ಮೀನು ಅದು. ಅದರಲ್ಲಿ ಹತ್ತೆಂಟು ಜಾತಿ. ಸಣ್ಣದಿದ್ದಾಗ ಒಂದು ಬಣ್ಣ, ದೊಡ್ಡದಾದ ಮೇಲೆ ಇನ್ನೊಂದು. ಹೆದರಿದರೆ ಒಂದು, ಗೂಡು ಕಟ್ಟುವಾಗ ಮತ್ತೊಂದು. ಇಷ್ಟೆಲ್ಲ ತಿಳಿದುಕೊಂಡು ಮಾರಬೇಕಾಗಿತ್ತು. ನಾನು ಮಾರಿದ ಮೇಲೆ ತಿಳಿದುಕೊಂಡೆ.

೧. ಮೂರನೇ ಚುಕ್ಕಿ

ಕೆಲಸಕ್ಕೆ ಸೇರಿ ಎರಡನೇ ವಾರ. ಕಾಕಾ ಊಟಕ್ಕೆ ಹೋಗಿದ್ದರು. ಒಬ್ಬ ನಿವೃತ್ತ ಶಾಲಾ ಮಾಸ್ತರರು ಬಂದು ತಿಳಿನೀಲಿ ಬಣ್ಣದ ಗೌರಾಮಿಯ ಮುಂದೆ ನಿಂತರು. ಗಾಜಿನ ಮೇಲೆ ‘ಥ್ರೀ ಸ್ಪಾಟ್ ಗೌರಾಮಿ’ ಎಂದು ಚೀಟಿ ಅಂಟಿಸಿತ್ತು.

ಮಾಸ್ತರರು ಮರಾಠಿಯಲ್ಲಿ ಕೇಳಿದರು, "ಮೂರು ಚುಕ್ಕಿ ಅಂತ ಬರೆದಿದೆ. ಮೈ ನಡುವೆ ಒಂದಿದೆ, ಬಾಲದ ಬುಡದಲ್ಲಿ ಒಂದಿದೆ. ಇನ್ನೊಂದು ಎಲ್ಲಿ?"

ನಾನೂ ಬಗ್ಗಿ ನೋಡಿದೆ. ಎರಡೇ ಇದ್ದವು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ಇನ್ನೂ ಸಣ್ಣ ಮೀನು ಸರ್, ಬೆಳೆದ ಹಾಗೆ ಮೂರನೇದು ಮೂಡುತ್ತೆ" ಎಂದೆ.

ಅವರು ಒಂದು ಮೀನು, ಒಂದು ಸಣ್ಣ ಗಾಜಿನ ಪೆಟ್ಟಿಗೆ ಕೊಂಡರು. ಹೆಂಡತಿಗೆ ಪಾರ್ಶ್ವವಾಯು ಆಗಿ ಒಂದು ವರ್ಷದಿಂದ ಮಲಗಿದಲ್ಲೇ ಇದ್ದರಂತೆ. ಅವರ ಹಾಸಿಗೆಯ ಪಕ್ಕ ಇಡಲಿಕ್ಕೆ ಅದು. ಮುಂದಿನ ಭಾನುವಾರ ಬಂದು, "ಇನ್ನೂ ಮೂಡಿಲ್ಲ" ಎಂದರು. ಅದರ ಮುಂದಿನ ಭಾನುವಾರವೂ ಬಂದರು. ನಾನು ಒಂದು ವಾರ ಚಳಿಯ ಮೇಲೆ ಹಾಕಿದೆ, ಒಂದು ವಾರ ನಳದ ನೀರಿನ ಮೇಲೆ ಹಾಕಿದೆ. "ನನ್ನ ಹೆಂಡತಿ ಬೆಳಿಗ್ಗೆ ಎದ್ದ ಕೂಡಲೇ ದಿಂಬು ಎತ್ತರಿಸು ಅಂತಾಳೆ, ಚುಕ್ಕಿ ನೋಡೋಕೆ" ಎಂದು ಅವರು ಒಂದು ದಿನ ಹೇಳಿದರು. ಆದರೂ ನಿಜ ಹೇಳಲಿಲ್ಲ. ಹೇಳೋಣವೆಂದರೆ ನನಗೇ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಈ ಮಾತು ಕಾಕಾನ ಕಿವಿಗೆ ಬಿತ್ತು. ಅವರು ಎದ್ದು ಬಂದು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದರು. "ಮಾಸ್ತರ್, ಮೂರನೇ ಚುಕ್ಕಿ ಅಂದರೆ ಅದರ ಕಣ್ಣು. ಕಣ್ಣು, ಮೈ, ಬಾಲ. ಒಂದೇ ಸಾಲಿನಲ್ಲಿವೆ ನೋಡಿ."

ಮಾಸ್ತರರು ತುಂಬ ಹೊತ್ತು ನೋಡಿದರು. ನನ್ನ ಕಡೆ ತಿರುಗಲೇ ಇಲ್ಲ. ಬಯ್ದಿದ್ದರೆ ಸಮಾಧಾನವಾಗುತ್ತಿತ್ತು. "ಅವಳಿಗೆ ಏನಂತ ಹೇಳಲಿ" ಎಂದು ತಮ್ಮಷ್ಟಕ್ಕೆ ಅಂದುಕೊಂಡು ಹೋದರು.

ಮರುವಾರ ಮತ್ತೆ ಬಂದರು. ನಾನು ಕ್ಷಮೆ ಕೇಳಲಿಕ್ಕೆ ಮುಂದೆ ಹೋದರೆ, ಕೈ ಎತ್ತಿ ತಡೆದು ಹೇಳಿದರು: "ಅವಳಿಗೆ ಎರಡನೇ ದಿನವೇ ಗೊತ್ತಾಗಿತ್ತಂತೆ, ಮೂರನೇ ಚುಕ್ಕಿ ತನ್ನನ್ನೇ ನೋಡುತ್ತಿದೆ ಅಂತ. ಈ ನೆವದಿಂದ ನಾನು ಭಾನುವಾರ ಒಂದು ತಾಸಾದರೂ ಮನೆಯಿಂದ ಹೊರಗೆ ಹೋಗುತ್ತೇನಲ್ಲ ಅಂತ ಸುಮ್ಮನಿದ್ದಳಂತೆ."

೨. ಹತ್ತು ಹೆಂಡಂದಿರು

ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದದ್ದು ಡ್ವಾರ್ಫ್ ಗೌರಾಮಿ, ಅಂದರೆ ಕುಳ್ಳ ಗೌರಾಮಿ. ಎರಡಂಗುಲದ ಮೀನು. ಗಂಡಿನ ಮೈಮೇಲೆ ಇಳಕಲ್ ಸೀರೆಯ ಸೆರಗಿನಂತೆ ಕೆಂಪು ನೀಲಿ ಪಟ್ಟೆ. ಹೆಣ್ಣಿಗೆ ಮಾತ್ರ ಮಾಸಿದ ಬೆಳ್ಳಿಯ ಬಣ್ಣ. ಇದನ್ನು ಕಲಿತ ಮೇಲೆ ನಾನು ಪಂಡಿತನಾದೆ. ಬಣ್ಣ ಇಲ್ಲದ ಸಣ್ಣ ಗೌರಾಮಿ ಕಂಡರೆ ಅದು ಹೆಣ್ಣು, ಅಷ್ಟೇ.

ಒಮ್ಮೆ ಕಾಕಾ ಮದುವೆಗೆಂದು ಬೆಳಗಾವಿಗೆ ಹೋದಾಗ ಕಲಕತ್ತೆಯಿಂದ ರೈಲಿನಲ್ಲಿ ಡಬ್ಬಗಳು ಬಂದವು. "ರೈಲಿನ್ಯಾಗ ಬಂದ ಮೀನ ಒಂದು ವಾರ ಮಾರಬ್ಯಾಡ. ದಣಿವು ಆರಿ ಬಣ್ಣ ಬರೂತನಕ ಅದು ಯಾವ ಮೀನು ಅಂತ ಬ್ರಹ್ಮಗೂ ಹೇಳಲಿಕ್ಕೆ ಆಗೂದಿಲ್ಲ" ಎಂದು ಅವರು ಹೇಳಿಯೇ ಹೋಗಿದ್ದರು. ಡಬ್ಬ ತೆರೆದರೆ ಒಳಗೆ ಕಂದು ಬಣ್ಣದ ಪುಟ್ಟ ಗೌರಾಮಿಗಳು. ಎಲ್ಲ ಡ್ವಾರ್ಫ್ ಹೆಣ್ಣು ಎಂದು ತೀರ್ಮಾನಿಸಿದೆ.

ಮರುದಿನವೇ ಪವಾಯಿಯ ಎಂಜಿನಿಯರಿಂಗ್ ಕಾಲೇಜಿನ ಒಬ್ಬ ಬಂಗಾಲಿ ಲೆಕ್ಚರರ್ ಬಂದರು. ಅವರಲ್ಲಿ ಒಂಟಿ ಡ್ವಾರ್ಫ್ ಗಂಡು ಇತ್ತು, ಜೋಡಿ ಬೇಕಾಗಿತ್ತು. "ಒಂದು ಯಾಕೆ, ಹತ್ತು ತಗೊಳ್ಳಿ. ರಾಜನ ಹಾಗೆ ಇರುತ್ತಾನೆ" ಎಂದು ಹಿಂದಿಯಲ್ಲಿ ಹೇಳಿ ಹತ್ತನ್ನೂ ಕಟ್ಟಿಕೊಟ್ಟೆ.

ಮೂರು ವಾರ ಬಿಟ್ಟು ಬಂದರು. ಬಹಳ ಸಭ್ಯ ಮನುಷ್ಯ, ಬೆಂಚಿನ ಮೇಲೆ ಕೂತು ಬೆವರೊರೆಸಿಕೊಂಡು, "ನಾಲ್ಕು ಸತ್ತವು. ನನ್ನ ಗಂಡು ಅಟ್ಟಿಸಿಕೊಂಡು ಹೋಗಿ ಹೊಡೆದ" ಎಂದರು.

"ನಿಮ್ಮ ಗಂಡಿನ ಸ್ವಭಾವ ಸರಿ ಇಲ್ಲ" ಎಂದೆ.

"ನಾನೂ ಹಾಗೇ ಅಂದುಕೊಂಡೆ. ಉಳಿದ ಆರನ್ನು ಬೇರೆ ಪೆಟ್ಟಿಗೆಗೆ ಹಾಕಿದೆ. ಈಗ ನೀವು ಕೊಟ್ಟ ಹೆಂಡಂದಿರಲ್ಲಿ ಐದು ಜನಕ್ಕೆ ಗಡ್ಡ ಬಂದಿದೆ."

ಅವು ಡ್ವಾರ್ಫ್ ಅಲ್ಲವೇ ಅಲ್ಲ. ಹನಿ ಗೌರಾಮಿ, ಹನಿ ಅಂದರೆ ಇಂಗ್ಲಿಷಿನ ಜೇನು. ಹೆಣ್ಣು ಕಂದಾಗಿಯೇ ಇರುತ್ತದೆ. ಗಂಡು ಮಾತ್ರ ನೀರು ಒಗ್ಗಿದ ಮೇಲೆ ಜೇನಿನ ಬಣ್ಣಕ್ಕೆ ತಿರುಗಿ, ಬಾಯಿಂದ ಹೊಟ್ಟೆಯವರೆಗೆ ಕಪ್ಪಾಗುತ್ತದೆ. ಅಷ್ಟು ಸಾಧು ಮೀನನ್ನು ನಾನು ಜಗಳಗಂಟ ಡ್ವಾರ್ಫಿನ ಮನೆಗೆ ನೂಕಿದ್ದೆ.

ಲೆಕ್ಚರರ್ ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. ಹಿಂದೆ ಒಬ್ಬ ದೊಡ್ಡ ವಿದ್ವಾಂಸ ಇದೇ ಮೀನಿನ ಗಂಡು ಹೆಣ್ಣನ್ನು ನೋಡಿ ಎರಡು ಬೇರೆ ಜಾತಿ ಎಂದೇ ಬರೆದಿಟ್ಟಿದ್ದನಂತೆ. ಕಾಕಾ ಬಂದ ಮೇಲೆ ನಾನು ತಪ್ಪು ಒಪ್ಪಿಕೊಂಡು, ಕೊನೆಗೆ ಈ ವಿದ್ವಾಂಸನ ಕಥೆಯನ್ನೂ ಸೇರಿಸಿದೆ.

ಕಾಕಾ ಎಲೆ ಅಡಿಕೆ ಅಗಿಯುತ್ತ ಹೇಳಿದರು: "ಅವ ಸತ್ತ ಮೀನ ನೋಡಿರಬೇಕು, ತಮ್ಮಾ. ನಿನ್ನ ಮೀನ ನೀ ನೋಡಿದ ಮ್ಯಾಲೆ ಸತ್ತವು."

೩. ಬಣ್ಣ ಬಿಟ್ಟ ಮೀನು

ಒಂದು ಮಧ್ಯಾಹ್ನ ಇಪ್ಪತ್ತೈದರ ಸುಮಾರಿನ ಹೆಣ್ಣುಮಗಳೊಬ್ಬಳು ಸ್ಟೀಲಿನ ಡಬ್ಬಿ ಹಿಡಿದು ಬಂದಳು. ವಿಜಾಪುರ ಕಡೆಯ ಮಾತು. ಹಿಂದಿನ ವಾರ ಅವಳ ಗಂಡ ನಮ್ಮಲ್ಲಿಂದ ಡ್ವಾರ್ಫ್ ಗೌರಾಮಿ ಒಯ್ದಿದ್ದ.

"ಬಣ್ಣ ಹಚ್ಚಿ ಮಾರೀರಿ ನೀವು" ಎಂದು ಡಬ್ಬಿ ತೆರೆದಳು. "ಎಲ್ಲಾ ನೀರಾಗ ಬಿಟ್ಟು ಹೋಗೇದ ನೋಡ್ರಿ."

ಒಳಗೆ ಮೀನು ಒಗೆದೊಗೆದು ಬಿಳಚಿದ ಸೀರೆಯಂತೆ ಇತ್ತು. ನಾನು ಅದನ್ನು ಗಿಡಗಳಿದ್ದ ಹಿಂದಿನ ಪೆಟ್ಟಿಗೆಗೆ ಬಿಟ್ಟು, ಅವಳಿಗೆ ಸ್ಟೂಲು ಕೊಟ್ಟು, ಚಹಾ ತರಿಸಿದೆ. ಅರ್ಧ ತಾಸಿನಲ್ಲಿ ಒಂದೊಂದೇ ಕೆಂಪು ಪಟ್ಟೆ, ಒಂದೊಂದೇ ನೀಲಿ ಪಟ್ಟೆ ಮೂಡಿ ಬಂತು. ಜಗಳಕ್ಕೆ ಬಂದದ್ದು ಮರೆತು ಅವಳು ನೋಡುತ್ತ ಕೂತಳು. ಚಹಾ ಆರಿಹೋಯಿತು. ಬಣ್ಣ ಬಂದ ಮೀನನ್ನು ಒಯ್ದವಳು ನಾಲ್ಕು ದಿನಕ್ಕೆ ಮತ್ತೆ ಬಿಳಚಿದ ಮೀನಿನ ಜೊತೆ ಬಂದಳು. ಮೂರನೇ ಸಲ ಬಂದಾಗ ಕಾಕಾ, "ಮನಿಗೆ ಹೋಗಿ ನೋಡಿ ಬಾ" ಎಂದು ನನ್ನನ್ನು ಕಳಿಸಿದರು.

ಹತ್ತಿರದ ಬಿಲ್ಡಿಂಗಿನ ಎರಡನೇ ಮಾಳಿಗೆ. ಹಾಲಿನಲ್ಲಿ ಮೀನಿನ ಪೆಟ್ಟಿಗೆ, ಅದಕ್ಕೆ ತಾಗಿ ಒಂದು ಕುರ್ಚಿ, ಕುರ್ಚಿಯಲ್ಲಿ ಅತ್ತೆ, ಅತ್ತೆಯ ಕೈಯಲ್ಲಿ ಊರುಗೋಲು. ನಾನಿದ್ದ ಹತ್ತು ನಿಮಿಷದಲ್ಲಿ ಅವರು ಕೋಲಿನ ತುದಿಯಿಂದ ಗಾಜನ್ನು ಐದು ಸಲ ಬಡಿದರು. "ಏ, ಯಾಕ ನಿಂತಿ, ತಿರಗ್ಯಾಡು" ಎಂದು ಮೀನಿಗೆ. ಅದೇ ಕೋಲಿನಿಂದ ನೆಲ ಕುಟ್ಟಿ, "ಏ, ಯಾಕ ನಿಂತಿ, ನೀರು ತಾ" ಎಂದು ಸೊಸೆಗೆ.

"ಅಜ್ಜಿ, ಬಡಿದರ ಮೀನ ಅಂಜತದರೀ. ಅಂಜಿದರ ಬಣ್ಣ ಬಿಡ್ತದ" ಎಂದೆ.

"ನಾ ಎಲ್ಲಿ ಬಡದೇನಿ? ಮಾತಾಡಸ್ತೀನಿ ಅಷ್ಟ."

ಅಜ್ಜಿಯ ಜೊತೆ ವಾದ ಬೇಡವೆಂದು ಪೆಟ್ಟಿಗೆಯನ್ನು ಒಳಗಿನ ಕೋಣೆಗೆ ಸಾಗಿಸಿ, ನಾಲ್ಕು ಗಿಡ ನೆಟ್ಟುಕೊಟ್ಟೆ. ಹೊರಡುವಾಗ ಸೊಸೆ ಬಾಗಿಲವರೆಗೆ ಬಂದು ಮೆಲ್ಲಗೆ, "ಅಣ್ಣಾರ, ನನ್ನ ಮದವಿ ಫೋಟೋ ನೋಡಿದರ ನನ್ನ ಗುರ್ತ ಹಿಡಿಯಂಗಿಲ್ಲ ನೀವು. ನಾನೂ ಬ್ಯಾರೇನ ಬಣ್ಣ ಇದ್ದೆ" ಎಂದಳು.

ನಾನು ನಕ್ಕುಬಿಟ್ಟೆ. ಚೆನ್ನಾಗಿ ಹೇಳಿದಳು ಅನ್ನಿಸಿತು. ಆ ಮಾತನ್ನು ಅಂಗಡಿಗೆ ಬಂದ ಹತ್ತು ಜನರಿಗೆ ಹೇಳಿ ಹತ್ತು ಸಲ ನಕ್ಕೆ. ಅವಳು ಹೇಳುವಾಗ ನಗುತ್ತಿರಲಿಲ್ಲ ಎಂಬುದು ಎರಡು ತಿಂಗಳಾದ ಮೇಲೆ ನೆನಪಿಗೆ ಬಂತು. ಆ ದಿನ ಅವಳ ಗಂಡ ಪೆಟ್ಟಿಗೆಯನ್ನು ವಾಪಸು ತಂದಿದ್ದ. ಹೆಂಡತಿ ತವರಿಗೆ ಹೋದವಳು ಬರುವುದಿಲ್ಲ ಎಂದಿದ್ದಾಳಂತೆ, ಮೀನು ನೋಡಿಕೊಳ್ಳುವವರಿಲ್ಲ. ಪೆಟ್ಟಿಗೆಯೊಳಗೆ ಮೀನು ಕೆಂಪು ನೀಲಿ ಹೊಳೆಯುತ್ತಿತ್ತು.

ಅವನು ಹೋದ ಮೇಲೆ ಕಾಕಾ ನನ್ನನ್ನು ಕೇಳಿದರು: "ಆ ದಿನ ಹೋಗಿ ನೀ ಏನ ಮಾಡಿದಿ?"

"ಪೆಟ್ಟಿಗಿ ಒಳಗಿನ ಖೋಲಿಗೆ ಸರಿಸಿದೆ, ಕಾಕಾ."

"ಅಜ್ಜಿ ಕುರ್ಚಿ ಸರಿಸಬೇಕಾಗಿತ್ತಲ್ಲೋ."

೪. ಪುಣೆಯಿಂದ ಬಂದ ಪತ್ರಗಳು

ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸರೊಬ್ಬರು ತಮ್ಮ ಕೋಣೆಗೆ ಅಪರೂಪದ ಮೀನು ಬೇಕೆಂದರು. ಹೆಂಡತಿ ತೀರಿಹೋದ, ಮಕ್ಕಳಿಲ್ಲದ ಮನುಷ್ಯ, ಮಾತು ಕಡಿಮೆ. ಸಿಂಗಾಪುರದ ಸರಕಿನಲ್ಲಿ ಬಂದ ಒಂದು ಮರಿ ನಮ್ಮಲ್ಲಿತ್ತು. ಚೂಪು ಮೂತಿ, ಕಂದು ಮೈ, ಅಡ್ಡ ಪಟ್ಟೆ. ಪುಸ್ತಕದ ಚಿತ್ರದ ಜೊತೆ ಹೋಲಿಸಿ, "ಚಾಕಲೇಟ್ ಗೌರಾಮಿ ಸರ್, ಎರಡಂಗುಲ ದಾಟುವುದಿಲ್ಲ" ಎಂದು ಕೊಟ್ಟೆ.

ಆರು ತಿಂಗಳಿಗೆ ಅದು ಅಂಗೈಯಷ್ಟಾಯಿತು. "ನಿಮ್ಮ ಆರೈಕೆ ಚೆನ್ನಾಗಿದೆ" ಎಂದೆ. ವರ್ಷಕ್ಕೆ ಪಟ್ಟೆಗಳೆಲ್ಲ ಮಾಯವಾಗಿ ಬೂದು ಬಣ್ಣ ಬಂತು. "ಪ್ರಾಯಕ್ಕೆ ಬಂದಿದೆ" ಎಂದೆ. ಮೂರನೇ ವರ್ಷಕ್ಕೆ ಊಟದ ತಟ್ಟೆಯಷ್ಟಾಗಿ, ಹಣೆ ಉಬ್ಬಿ, ತುಟಿ ದಪ್ಪಗಾಗಿ, ಯಾರ ಮೇಲೋ ಸಿಟ್ಟಾದ ಹೆಡ್‌ಕ್ಲಾರ್ಕಿನ ಹಾಗೆ ಕಾಣತೊಡಗಿತು. ಅದು ಜಾಯಂಟ್ ಗೌರಾಮಿ, ಹೊರದೇಶಗಳಲ್ಲಿ ಊಟಕ್ಕೆಂದು ಸಾಕುವ ಮೀನು ಎಂದು ನನಗೆ ಆಗ ತಿಳಿಯಿತು. ಆಫೀಸರಿಗೆ ಜಾತಿಯ ಚಿಂತೆಯೇ ಇರಲಿಲ್ಲ. ಬಾಳೆಹಣ್ಣು, ಬೇಯಿಸಿದ ಬಟಾಣಿ ಕೈಯಿಂದಲೇ ತಿನ್ನಿಸುತ್ತಿದ್ದರು. ಅವರು ಬಾಗಿಲು ದಾಟಿ ಬಂದರೆ ಮೀನು ಆ ಕಡೆ ತಿರುಗುತ್ತಿತ್ತು.

ಅವರಿಗೆ ಪುಣೆಗೆ ಬದಲಿಯಾಯಿತು. "ನೀವೇ ಇಟ್ಟುಕೊಳ್ಳಿ, ಬೇರೆ ಯಾರ ಮೇಲೂ ನನಗೆ ನಂಬಿಕೆ ಇಲ್ಲ" ಎಂದರು. ದೊಡ್ಡ ಬಕೆಟ್ಟಿಗೆ ಒದ್ದೆ ಬಟ್ಟೆ ಕಟ್ಟಿ, ಲೋಕಲ್ ರೈಲಿನ ಲಗೇಜ್ ಡಬ್ಬಿಯಲ್ಲಿ ದಾದರಿಗೆ ತಂದೆ. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನು ಮಾರುವ ಹೆಂಗಸು ಬಟ್ಟೆ ಸರಿಸಿ ನೋಡಿ, "ಇದಕ್ಕೆ ಹುಣಿಸೆಹಣ್ಣು ಜಾಸ್ತಿ ಬೇಕು" ಎಂದಳು. ಮೂರು ವರ್ಷ ನಾನು ಹಿಡಿಯಲಾರದ ಗುರುತನ್ನು ಅವಳು ಒಂದೇ ನೋಟಕ್ಕೆ ಹಿಡಿದಳು.

ಅಂಗಡಿಯ ಹಿಂದಿನ ಸಿಮೆಂಟ್ ತೊಟ್ಟಿಗೆ ನಳದ ನೀರನ್ನು ಹಾಗೆಯೇ ತುಂಬಿ ಅದನ್ನು ಬಿಟ್ಟೆ. ನೀರನ್ನು ಎರಡು ದಿನ ಇಟ್ಟು, ಕ್ಲೋರಿನ್ನಿನ ವಾಸನೆ ಹೋದ ಮೇಲೆ ಮೀನು ಬಿಡಬೇಕೆಂದು ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದವನು ನಾನೇ. ಅವಸರದಲ್ಲಿ ಮರೆತೆ. ಮೂರನೇ ದಿನ ಮೀನು ಸತ್ತಿತು.

ಪುಣೆಯಿಂದ ಪೋಸ್ಟ್‌ಕಾರ್ಡ್ ಬಂತು: "ನಮ್ಮ ದೋಸ್ತ್ ಹೇಗಿದ್ದಾನೆ?" ಆರಾಮಾಗಿದ್ದಾನೆ ಎಂದು ಬರೆದೆ. ಪ್ರತಿ ತಿಂಗಳೂ ಕಾರ್ಡ್ ಬಂತು, ಪ್ರತಿ ತಿಂಗಳೂ ಬರೆದೆ. ಬಟಾಣಿ ತಿನ್ನುತ್ತಾನೆ ಎಂದೂ ಬರೆದೆ. ಒಂದು ವರ್ಷವಾದ ಮೇಲೆ ಕಾರ್ಡ್ ಬರಲಿಲ್ಲ, ಅವರೇ ಬಂದರು. ಕೈಯಲ್ಲಿ ಬಾಳೆಹಣ್ಣು ಇತ್ತು.

ನನಗೆ ತಲೆ ಓಡಲಿಲ್ಲ. ಕಣ್ಣೆದುರಿಗಿದ್ದ ಮೂರಂಗುಲದ ಹಳದಿ ಗೌರಾಮಿಯನ್ನು ತೋರಿಸಿ, "ಇವನೇ ಸರ್. ನೀರು ಬದಲಾಯಿತಲ್ಲ, ಬಣ್ಣ ಬದಲಾಗಿದೆ" ಎಂದೆ.

ಅವರು ಆ ಮೀನನ್ನು ನೋಡಿದರು. ಬಾಳೆಹಣ್ಣನ್ನು ಕೌಂಟರಿನ ಮೇಲೆ ಇಟ್ಟರು. ಬಹಳ ಮೆತ್ತಗೆ ಕೇಳಿದರು: "ಬಣ್ಣ ಬದಲಾಗಬಹುದು. ಪುಣೆಗೆ ಹೋದವನು ನಾನು, ಅವನು ಯಾಕೆ ಇಷ್ಟು ಸೊರಗಿದ?"

೫. ಕಾಕಾನ ಕಣ್ಣು

ಕಾಕಾನ ಹೆಮ್ಮೆ ಎಂದರೆ ಲೀರಿ ಗೌರಾಮಿ. ಮೈ ತುಂಬ ಮುತ್ತು ಚೆಲ್ಲಿದಂಥ ಚುಕ್ಕೆ. ಮೊಟ್ಟೆಯಿಡುವ ಕಾಲ ಬಂದರೆ ಗಂಡಿನ ಕತ್ತಿನಿಂದ ಹೊಟ್ಟೆಯವರೆಗೆ ಕೆಂಡದ ಬಣ್ಣ ಏರುತ್ತದೆ. ಆಮೇಲೆ ಅದು ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟಿ ಮೊಟ್ಟೆ ಕಾಯುತ್ತದೆ. ಲೀರಿ ಮರಿ ಮಾಡಿಸುವುದರಲ್ಲಿ ಕಾಕಾ ಹೆಸರುವಾಸಿ.

ನಾನು ಸೇರಿ ಏಳನೇ ವರ್ಷದ ಸುಮಾರಿಗೆ ಅವರು ಒಂದು ಹೊಸ ರೂಢಿ ಹಚ್ಚಿಕೊಂಡರು. ದಿನಾ ಬೆಳಿಗ್ಗೆ ಕೌಂಟರಿನಲ್ಲಿ ಕೂತು ಅಲ್ಲಿಂದಲೇ ಕೇಳುವುದು: "ತಮ್ಮಾ, ಇವತ್ತ ಲೀರಿ ಯಾವ ಬಣ್ಣ ಅದ?" ಹಳೆಯ ತಪ್ಪುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನನ್ನು ಪರೀಕ್ಷೆ ಮಾಡುತ್ತಾರೆ ಎಂದು ನನಗೆ ಸಿಟ್ಟು. ಒಂದು ದಿನ, ಗಂಡು ಕೆಂಡದಂತೆ ಹೊಳೆಯುತ್ತ ಗೂಡಿನ ಕೆಳಗೆ ಕಾವಲಿದ್ದಾಗ, ಬೇಕೆಂದೇ, "ಕಪ್ಪಾಗೇದ, ಕಾಕಾ" ಎಂದೆ.

ಗಂಡು ಹಾಗೆ ಕಪ್ಪಾದರೆ ರೋಗ ಬಂತೆಂದೇ ಅವರ ಲೆಕ್ಕ. ಎದ್ದು, ಕಪಾಟಿನ ಅಂಚು ಸವರುತ್ತ ಬಂದರು. ಗಾಜಿಗೆ ಮೂಗು ತಾಗಿಸಿ ನಿಂತರು. ಮೂರಂಗುಲ ದೂರದಲ್ಲಿ ಆ ಕೆಂಪು ಎದೆಯ ಮೀನು ಅತ್ತಿತ್ತ ಹೋಗುತ್ತಿತ್ತು. ಈಗ ಬಯ್ಯುತ್ತಾರೆ ಎಂದು ನಾನು ನಗು ತಡೆದುಕೊಂಡು ನಿಂತಿದ್ದೆ.

"ಹೌದು ತಮ್ಮಾ," ಎಂದರು, "ಕಪ್ಪಾಗೇದ."

ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗ ಠಾಣೆಯಲ್ಲಿದ್ದ, ಈ ಅಂಗಡಿ ಮುಚ್ಚಿ ರೆಡಿಮೇಡ್ ಬಟ್ಟೆ ಇಡೋಣ ಎನ್ನುತ್ತಿದ್ದ. ಕಣ್ಣಿನ ವಿಷಯ ಗೊತ್ತಾದರೆ ಮೀನಿಗೆ ಅದೇ ಕೊನೆ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ನನ್ನ ಕಣ್ಣಿನಿಂದ ನೋಡುತ್ತಿದ್ದರು. ಆ ಬೆಳಿಗ್ಗೆ ತೋಳು ಮಡಿಚಿ, ಪೆಟ್ಟಿಗೆಯ ಅರ್ಧ ನೀರು ತೆಗೆದು, ಉಪ್ಪು ಕರಗಿಸಿ ಹಾಕಿದರು. ಗುಳ್ಳೆಗಳ ಗೂಡು ಮೊಟ್ಟೆಯ ಸಮೇತ ಒಡೆದು ಮೋರಿಗೆ ಹೋಯಿತು. ಬಕೆಟ್ ಹಿಡಿದು ನಿಂತವನು ನಾನು. ಬಾಯಿ ತೆರೆಯಲಿಲ್ಲ. ಆ ವರ್ಷ ಲೀರಿ ಮತ್ತೆ ಗೂಡು ಕಟ್ಟಲಿಲ್ಲ.

ಮರುದಿನದಿಂದ ಕಾಕಾ ಕೇಳುವ ಮೊದಲೇ ನಾನು ಹೇಳತೊಡಗಿದೆ. ಬರೀ ಕೆಂಪು ಎಂದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಮಾಗಿದ ಆಪೂಸ್ ಮಾವಿನ ಬಣ್ಣ ಎಂದೆ, ಕುಂಕುಮದ ಭರಣಿ ಎಂದೆ, ಸಂಜೆಯ ಚೌಪಾಟಿ ಕಡಲು ಎಂದೆ. ಕಾಕಾ ಹಿಗ್ಗಿ ಅದೇ ಮಾತನ್ನು ಗಿರಾಕಿಗಳಿಗೆ ಹೇಳುವರು. ಗಿರಾಕಿ ಮೀನು ನೋಡಿ, ನನ್ನನ್ನು ನೋಡುವನು. ನಾನು ಹಿಂದಿನಿಂದ ಕೈಮುಗಿಯುವೆ. ಹಳೆಯ ಗಿರಾಕಿಗಳೆಲ್ಲ ಕ್ರಮೇಣ ತಿಳಿದುಕೊಂಡು, "ವಾ, ಏನು ಬಣ್ಣ" ಎಂದು ತಲೆದೂಗುತ್ತಿದ್ದರು. ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ಮಗ ಬಂದಾಗ ಕಾಕಾ ನೀರು ಖಾಲಿ ಮಾಡಿದ್ದ ಪೆಟ್ಟಿಗೆಯ ಕಡೆ ಬೆರಳು ಮಾಡಿ ಆಪೂಸಿನ ಬಣ್ಣ ವರ್ಣಿಸಿದರು. ಮಗನಿಗೆ ಗೊತ್ತಾಗಿಹೋಯಿತು. ಕಾಕಾ ಹೆದರಿದ ಹಾಗೆ ಏನೂ ಆಗಲಿಲ್ಲ. ಅವನು ಅಪ್ಪನ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದು ಕಣ್ಣಿನ ಪೊರೆ ತೆಗೆಸಿದ. ಅಂಗಡಿಯ ಮಾತೇ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಕಾ‍ಕಾ ಬಂದರು. ಸೋಡಾ ಬಾಟಲಿಯ ತಳದಂಥ ಕನ್ನಡಕ. ಆ ದಿನ ಕಪ್ಪು ಎಂದ ಸುಳ್ಳನ್ನು ಒಪ್ಪಿಕೊಂಡು ಕಾಲು ಹಿಡಿಯಬೇಕೆಂದು ನಾನು ರಾತ್ರಿಯೇ ನಿಶ್ಚಯ ಮಾಡಿಕೊಂಡಿದ್ದೆ. ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.

ಅವರು ಒಂದೊಂದು ಪೆಟ್ಟಿಗೆಯ ಮುಂದೆಯೂ ನಿಂತು ನೋಡುತ್ತ ಲೀರಿಯ ಹತ್ತಿರ ಬಂದರು.

"ಇದ ಏನೋ ಅದು?"

"ಹೌದು, ಕಾಕಾ."

"ಸಪ್ಪಗದಲ್ಲೋ. ನೀ ಹೇಳತಿದ್ದ ಮೀನ ಭಾಳ ಚಂದ ಇತ್ತು."

"ಕಾಕಾ, ನಿಮಗೊಂದು ಮಾತು ಹೇಳೂದದ" ಎಂದು ಬಾಯಿ ತೆರೆದೆ. ಅವರು ನನ್ನ ಕಡೆ ತಿರುಗಿದರು. ಆ ದಪ್ಪ ಗಾಜನ್ನು ನನ್ನ ಮುಖದ ತೀರ ಹತ್ತಿರ ತಂದು, ಕಿವಿಯ ಮೇಲೆ, ನೆತ್ತಿಯ ಮೇಲೆ, ಮೀನು ನೋಡಿದಷ್ಟೇ ಸಾವಕಾಶವಾಗಿ ನೋಡಿದರು.

"ಗೊತ್ತಾತು ಬಿಡು," ಎಂದರು. "ಎರಡು ವರ್ಷ ಮೀನಿನ ಬಣ್ಣ ಎಲ್ಲಾ ಹೇಳಿದಿ. ನಿನ್ನ ತಲಿ ಬೆಳ್ಳಗಾಗಲಿಕ್ಕೆ ಹತ್ತೇದ ಅಂತ ಒಂದಿನಾನೂ ಹೇಳಲಿಲ್ಲ."